ನಗುವವರಿಗೂ ಒಂದು ಮೈಕ್: ಜನರೆದುರು ಹಾಸ್ಯ ರೆಕಾರ್ಡ್ ಮಾಡುವುದು ಹೇಗೆ?

ಕಲಾಕ್ಷೇತ್ರದಲ್ಲಿ ಜನ ಬಿದ್ದು ಬಿದ್ದು ನಕ್ಕ ಸ್ಕಿಟ್, ಮೊಬೈಲ್‌ನಲ್ಲಿ ನೋಡಿದರೆ ಸಪ್ಪೆ. ಎಷ್ಟೋ ಹಾಸ್ಯ ತಂಡಗಳ ಕೊರಗು ಇದು. ನಟರು ಅವರೇ, ಡೈಲಾಗ್ ಅದೇ. ಜನರ ನಗು ಮಾತ್ರ ರೆಕಾರ್ಡ್ ಆಗಿಲ್ಲ. ಟಿವಿ ಸ್ಟುಡಿಯೋಗಳು ಈ ನಗುವನ್ನು ಹಿಡಿಯಲು ಮಾಡುವ ಏರ್ಪಾಡನ್ನು ಹಾಸನದ ಒಂದು ಸಭಾಂಗಣದಲ್ಲೂ ಮಾಡಬಹುದು.

ಇಂಟರ್‌ನೆಟ್‌ನಲ್ಲಿ ಸಿಗುವ ರೆಡಿಮೇಡ್ ನಗು ತಂದು ಅಂಟಿಸಬೇಡಿ. ಆ ದಾರಿ ಹಳೆಯದೇ. 1950ರ ದಶಕದಲ್ಲಿ ಅಮೆರಿಕದ ಸೌಂಡ್ ಎಂಜಿನಿಯರ್ ಚಾರ್ಲಿ ಡಗ್ಲಾಸ್, ಕೀಲಿ ಒತ್ತಿದರೆ ಬೇಕಾದ ನಗು ಹೊರಡಿಸುವ ಪೆಟ್ಟಿಗೆಯನ್ನೇ ಮಾಡಿದ್ದರು. ಆದರೆ ಅರಕಲಗೂಡಿನ ಮಾತಿಗೆ ಯಾವುದೋ ದೇಶದವರ ನಗು ಹೊಂದುವುದಿಲ್ಲ. ನಮ್ಮ ಜನ ನಗುತ್ತಲೇ ‘ಅಯ್ಯೋ ಪಾಪ’ ಅಂತಾರೆ, ಹಿಂದಿನ ಸಾಲಿನಿಂದ ಶಿಳ್ಳೆ ಹೊಡೀತಾರೆ. ಅದು ಯಾವ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ.

ಕುರ್ಚಿಯಿಂದ ಶುರು

ನಗು ಪಕ್ಕದವರಿಂದ ಪಕ್ಕದವರಿಗೆ ಹರಡುತ್ತದೆ. ನಡುವೆ ಖಾಲಿ ಕುರ್ಚಿ ಇದ್ದರೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಬಂದವರು ನೂರೈವತ್ತೇ ಜನವಾದರೂ ಎಲ್ಲರನ್ನೂ ಮುಂದೆ, ಒತ್ತಾಗಿ ಕೂರಿಸಿ. ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿಬಿಡಿ. ಇನ್ನೊಂದು ಮಾತು: ಮುಂದಿನ ಸಾಲಿನ ಸೋಫಾಗಳನ್ನು ತೆಗೆಸಿ. ಗಣ್ಯರು ತಡವಾಗಿ ಬರುತ್ತಾರೆ, ನಡುವೆ ಏಳುತ್ತಾರೆ. ನಟರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ನಗಲು ಬಂದವರೇ ಇರಬೇಕು.

ಹಾಸನ 900 ಮೀಟರ್‌ಗಿಂತ ಎತ್ತರದಲ್ಲಿದೆ, ಸಂಜೆ ತಂಪು. ರೆಕಾರ್ಡಿಂಗ್ ಹೊತ್ತಿಗೆ ಫ್ಯಾನ್ ನಿಲ್ಲಿಸಿದರೂ ಜನ ಬೇಸರ ಮಾಡಿಕೊಳ್ಳುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ಶೀಟ್ ಚಾವಣಿಯ ಹಾಲ್ ಹಿಡಿಯಲೇಬೇಡಿ.

ಮೈಕ್ ಎಲ್ಲಿ?

ಹೆಚ್ಚಿನವರು ಎಡವುವುದು ಇಲ್ಲೇ. ನಟರ ಕಾಲರ್ ಮೈಕ್‌ಗೆ ಜನರ ನಗು ದೂರದ ಗೌಜಿನ ಹಾಗೆ ಕೇಳಿಸುತ್ತದೆ. ಪ್ರೇಕ್ಷಕರಿಗೇ ಬೇರೆ ಮೈಕ್ ಬೇಕು. ಕನಿಷ್ಠ ಎರಡು, ಎಡಕ್ಕೊಂದು, ಬಲಕ್ಕೊಂದು. ಒಂದೇ ದಿಕ್ಕಿನ ಸದ್ದನ್ನು ಹೆಚ್ಚಾಗಿ ಹಿಡಿಯುವ ಮೈಕ್ ತಗೊಳ್ಳಿ. ಜನರ ತಲೆಯಿಂದ ಎರಡು ಮೂರು ಮೀಟರ್ ಮೇಲೆ ಕಟ್ಟಿ. ಮುಖ ಜನರ ಕಡೆಗಿರಲಿ, ಬೆನ್ನು ಸ್ಪೀಕರ್ ಕಡೆಗೆ. ಕೆಳಗೆ ಕಟ್ಟಿದರೆ ಯಾರೋ ಒಬ್ಬರ ನಗುವೇ ಇಡೀ ಕಾರ್ಯಕ್ರಮದ ತುಂಬ ಕೇಳುತ್ತಿರುತ್ತದೆ.

ಈ ಮೈಕ್‌ಗಳ ಸದ್ದು ಹಾಲ್‌ನ ಸ್ಪೀಕರ್‌ಗೆ ಹೋಗಲೇಕೂಡದು, ಹೋದರೆ ಕುಯ್ಯೆಂದು ಕಿರುಚುತ್ತದೆ. ರೆಕಾರ್ಡರ್‌ಗೆ ಮಾತ್ರ ಹೋಗಲಿ, ಅದೂ ಬೇರೆ ಟ್ರ್ಯಾಕ್‌ನಲ್ಲಿ. ಯಾಕೆ ಗೊತ್ತಾ? ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯ ಮಾತು 10 ಮೀಟರ್ ಆಚೆಯ ಮೈಕ್ ಮುಟ್ಟಲು ಸೆಕೆಂಡಿನ ನೂರರಲ್ಲಿ ಮೂರು ಭಾಗ ಬೇಕು. ಕಾಲರ್ ಮೈಕ್‌ನ ಮಾತಿನ ಜೊತೆ ಈ ತಡವಾದ ಮಾತೂ ಸೇರಿದರೆ, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಟ್ರ್ಯಾಕ್ ಬೇರೆ ಇದ್ದರೆ ಮಾತಿನ ಹೊತ್ತಿಗೆ ಜನರ ಮೈಕ್ ತಗ್ಗಿಸಿ, ನಗು ಬಂದಾಗ ಏರಿಸಬಹುದು.

ಶುರುವಿಗೆ ಮೊದಲು ಎಲ್ಲ ಕ್ಯಾಮೆರಾ, ರೆಕಾರ್ಡರ್ ಓಡುತ್ತಿರುವಾಗ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಎಲ್ಲವನ್ನೂ ಹೊಂದಿಸಲು ಅದೇ ಗುರುತು.

ಕ್ಯಾಮೆರಾ ಒಂದಕ್ಕಿಂತ ಹೆಚ್ಚಿರಲಿ. 1951ರಲ್ಲಿ ಶುರುವಾದ ಅಮೆರಿಕದ ‘ಐ ಲವ್ ಲೂಸಿ’ಯನ್ನು ಜನರೆದುರು, ಒಟ್ಟಿಗೆ ಮೂರು ಫಿಲ್ಮ್ ಕ್ಯಾಮೆರಾ ಓಡಿಸಿ ತೆಗೆಯುತ್ತಿದ್ದರು. ಜನ ನಗುವ ಆ ಗಳಿಗೆಯ ನಟರ ಮುಖ ಮತ್ತೆ ಹಾಗೇ ಸಿಗುವುದಿಲ್ಲ ಅಲ್ವಾ?

ಜನರನ್ನು ಸಜ್ಜು ಮಾಡುವುದು

ದೊಡ್ಡ ಸ್ಟುಡಿಯೋಗಳಲ್ಲಿ ಇದಕ್ಕೇ ಒಬ್ಬ ಕಲಾವಿದ ಇರುತ್ತಾನೆ. ನಿಮ್ಮಲ್ಲಿ ಮಾತುಗಾರ ಒಬ್ಬ ಸಾಕು. ಯಾರು ಆಲೂರಿನವರು, ಯಾರು ಹೊಳೆನರಸೀಪುರದವರು ಅಂತ ಕೇಳಲಿ, ಹರಟೆ ಹೊಡೆಯಲಿ. ನಿಮ್ಮ ಸದ್ದೂ ರೆಕಾರ್ಡ್ ಆಗುತ್ತಿದೆ ಅಂತ ಮೊದಲೇ ಹೇಳಿಬಿಡಲಿ. ಸನ್ನೆ ಮಾಡಿದಾಗ ಚಪ್ಪಾಳೆ ತಟ್ಟಿ ಅಂತ ಕೇಳಿಕೊಳ್ಳಬಹುದು. ‘ನಗಿ’ ಅಂತ ಮಾತ್ರ ಕೇಳಬಾರದು. ಹೇಳಿಸಿಕೊಂಡು ನಕ್ಕ ನಗು ಮೈಕ್‌ನಲ್ಲಿ ತಕ್ಷಣ ಗೊತ್ತಾಗುತ್ತದೆ.

ನಿಲ್ಲುವುದನ್ನು ಕಲಿಯಿರಿ

ಒಂದು ಸ್ಕಿಟ್‌ನಲ್ಲಿ ಅಳಿಯ ಕೇಳುತ್ತಾನೆ ಅಂದುಕೊಳ್ಳಿ: ‘ಆಲೂಗಡ್ಡೆ ರೇಟು ಏರ್ತಾ ಮಾವ?’ ಮಾವ: ‘ಏರ್ತಪ್ಪ. ನಾನು ಮಾರಿದ ಮಾರನೇ ದಿನ.’ ಜನ ನಗುತ್ತಾರೆ. ಅಳಿಯನ ಮುಂದಿನ ಮಾತು: ‘ಹಂಗಾದ್ರೆ ಸಾಲ?’ ಇದನ್ನು ಯಾವಾಗ ಹೇಳಬೇಕು?

ನಗು ಏರುತ್ತಿರುವಾಗ ಹೇಳಿದರೆ ಮಾತು ಮುಳುಗುತ್ತದೆ. ಅದಕ್ಕಿಂತ ಕೆಟ್ಟದ್ದು, ಮಾತು ತಪ್ಪೀತೆಂದು ಜನ ನಗು ತಡೆದುಕೊಳ್ಳುತ್ತಾರೆ, ಮುಂದೆಯೂ ಬಿಚ್ಚು ಮನಸ್ಸಿನಿಂದ ನಗುವುದಿಲ್ಲ. ನಗು ಪೂರ್ತಿ ಆರಿದ ಮೇಲೆ ಹೇಳಿದರೆ ಬಿಸಿ ಹೋಗಿರುತ್ತದೆ. ನಗು ಏರಿ, ಇಳಿಯಲು ಶುರುವಾದಾಗ ಹೇಳಬೇಕು. ಅಲ್ಲಿಯವರೆಗೆ ಅಳಿಯ ಸುಮ್ನೆ ನಿಲ್ಲಬಾರದು. ಮಾವನ ಮುಖ ನೋಡಲಿ, ಜೇಬು ತಡಕಲಿ. ಪಾತ್ರದೊಳಗೇ ಇದ್ದು ಕಾಯಬೇಕು. ಖಾಲಿ ಕೋಣೆಯ ರಿಹರ್ಸಲ್‌ನಲ್ಲಿ ಇದು ಬರುವುದಿಲ್ಲ. ಹಾಗಾಗಿ ಕೊನೆಯ ರಿಹರ್ಸಲ್‌ಗೆ ಮನೆಯವರನ್ನೋ ಸ್ನೇಹಿತರನ್ನೋ ಕೂರಿಸಿಕೊಳ್ಳಿ.

ತಪ್ಪಾಗಿ ಎರಡನೇ ಟೇಕ್ ತಗೊಂಡರೆ ನಗು ಕಡಿಮೆ ಬರುವುದು ಸಹಜ. ಗುಟ್ಟು ಆಗಲೇ ಬಯಲಾಗಿದೆ. ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ಇಂಥ ಹೊತ್ತಿನಲ್ಲಿ ಬರಹಗಾರರು ಅಲ್ಲೇ ನಿಂತು ಸಾಲನ್ನೇ ಬದಲಿಸುವುದುಂಟು. ನೀವೂ ಬದಲಿ ಸಾಲು ಬರೆದಿಟ್ಟುಕೊಳ್ಳಿ. ಸಾಲು ಬದಲಿಸದಿದ್ದರೆ ಮೊದಲ ಟೇಕ್‌ನ ನಗುವನ್ನು ಎರಡನೆಯದಕ್ಕೆ ಜೋಡಿಸಬಹುದು. ಅದು ಅದೇ ಮಾತಿಗೆ ಅದೇ ಜನ ನಕ್ಕದ್ದು, ಹಾಗಾಗಿ ಮೋಸವಲ್ಲ. ಬೇರೆ ಮಾತಿನ ನಗು ಎತ್ತಿ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಎಡಿಟಿಂಗ್‌ನಲ್ಲಿ ನಗುವನ್ನು ಚಕ್ಕನೆ ಕತ್ತರಿಸಬೇಡಿ. ಅದರ ಬಾಲ ಮುಂದಿನ ಮಾತಿನ ಕೆಳಗೆ ಸ್ವಲ್ಪ ಹರಿದು ಕರಗಲಿ. ನಗು ತೀರಾ ಉದ್ದವಾಗಿದ್ದರೆ ಮೊಟಕು ಮಾಡಿ. ಎದುರು ಕೂತವರಿಗೆ ಹಿತವಾದ ಹತ್ತು ಸೆಕೆಂಡು ಮನೆಯಲ್ಲಿ ನೋಡುವವರಿಗೆ ಜಾಸ್ತಿ. ಜನ ನಗದೇ ಇದ್ದ ಕಡೆ ಹಾಗೇ ಬಿಡಿ, ಇಲ್ಲವೇ ಆ ಸಾಲನ್ನೇ ತೆಗೆಯಿರಿ. ಎಲ್ಲ ಮುಗಿದ ಮೇಲೆ ಹೆಡ್‌ಫೋನ್ ಬಿಚ್ಚಿ, ಮೊಬೈಲ್‌ನ ಪುಟ್ಟ ಸ್ಪೀಕರ್‌ನಲ್ಲಿ ಒಮ್ಮೆ ಪೂರ್ತಿ ಕೇಳಿ. ಮಾತು ಸ್ಪಷ್ಟವಾಗಿ ಕೇಳದಿದ್ದರೆ ನಗುವಿನ ಟ್ರ್ಯಾಕ್ ಇನ್ನೊಂದು ಚೂರು ತಗ್ಗಿಸಿ.