371(ಜೆ) ಕೈಗೆ ಬಂದಾಗ: ಒಂದು ಕಾನೂನನ್ನು ಬುಡದಿಂದ ಓದುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ಯಾರನ್ನು ಕೇಳಿದರೂ 371(ಜೆ) ಅಂದರೆ ಈ ಪ್ರದೇಶದ ಸ್ಥಳೀಯರಿಗೆ ಹುದ್ದೆಗಳ ಮೀಸಲಾತಿ, ಎ ಮತ್ತು ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಎನ್ನುತ್ತಾರೆ. ಸಂವಿಧಾನದ ಪುಸ್ತಕ ತೆರೆದು ಆ ವಿಧಿ ಓದಿ ನೋಡಿ, ಈ ಅಂಕಿಗಳಲ್ಲಿ ಒಂದೂ ಅಲ್ಲಿಲ್ಲ. ರಾಜ್ಯಪಾಲರಿಗೆ ವಿಶೇಷ ಜವಾಬ್ದಾರಿ ಕೊಟ್ಟು ರಾಷ್ಟ್ರಪತಿ ಆದೇಶ ಹೊರಡಿಸಬಹುದು, ಆ ಆದೇಶದಲ್ಲಿ ಹುದ್ದೆಗಳ, ಸೀಟುಗಳ 'ಒಂದು ಪ್ರಮಾಣ'ವನ್ನು ಮೀಸಲಿಡಬಹುದು ಎಂದಷ್ಟೇ ಇದೆ. ಅಂಕಿ ಇರುವುದು ಎರಡು ಮೆಟ್ಟಿಲು ಕೆಳಗೆ, ನೇಮಕಾತಿ ಮೀಸಲಾತಿ ಕುರಿತ ರಾಜ್ಯಪಾಲರ 2013ರ ಆದೇಶದಲ್ಲಿ. ವಿಧಿ, ರಾಷ್ಟ್ರಪತಿ ಆದೇಶ, ರಾಜ್ಯಪಾಲರ ಆದೇಶ, ಇಲಾಖೆಯ ಸುತ್ತೋಲೆ: ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಮುಂದಿಟ್ಟುಕೊಂಡು ಕೂಡಬೇಕು. ಕೆಳಗಿನದು ಮೇಲಿನದನ್ನು ಮೀರಿದ್ದರೆ ಆ ಮಟ್ಟಿಗೆ ಅದು ನಿಲ್ಲುವುದಿಲ್ಲ. ನ್ಯಾಯಾಲಯದಲ್ಲಿ ಹೆಚ್ಚಿನ ತಕರಾರು ಹುಟ್ಟುವುದು ಇಲ್ಲೇ.

ಮೊದಲು ಅಡಿಟಿಪ್ಪಣಿ ಓದಿ. ಅಧಿಕೃತ ಮುದ್ರಣದಲ್ಲಿ ನಂತರ ಸೇರಿದ ಭಾಗಕ್ಕೆ ಚೌಕ ಆವರಣ, ಅದರ ಪಕ್ಕ ಸಣ್ಣ ಅಂಕಿ ಇರುತ್ತದೆ. ಪುಟದ ಕೆಳಗೆ 'ಇನ್ಸ್.' ಎಂದಿದ್ದರೆ ಹೊಸದಾಗಿ ಸೇರಿದ್ದು, 'ಸಬ್ಸ್.' ಎಂದಿದ್ದರೆ ಹಳೆಯದನ್ನು ತೆಗೆದು ಬೇರೆ ಕೂರಿಸಿದ್ದು, 'ಡಬ್ಲ್ಯೂ.ಇ.ಎಫ್.' ಮುಂದಿನ ದಿನಾಂಕ ಜಾರಿಯಾದದ್ದು. 371(ಜೆ)ಯನ್ನು ಸೇರಿಸಿದ್ದು 98ನೇ ತಿದ್ದುಪಡಿ. ಕಾಯ್ದೆಯ ಹೆಸರಿನಲ್ಲಿ 2012 ಎಂದಿದೆ, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2013ರ ಜನವರಿ 1ರಂದು, ಜಾರಿಯಾದದ್ದು 2013ರ ಅಕ್ಟೋಬರ್ 1ರಂದು. ಹೆಸರಿನ ವರ್ಷವನ್ನೇ ಜಾರಿಯ ವರ್ಷ ಎಂದು ಅರ್ಜಿಯಲ್ಲಿ ಬರೆಯುವವರು ಬಹಳ. ಜಾರಿಯ ದಿನ ಬೇರೆ ಇದೆ ಎಂದು ಕಾಯ್ದೆಯೇ ಹೇಳದಿದ್ದಾಗ ಮಾತ್ರ, 1897ರ ಜನರಲ್ ಕ್ಲಾಸಸ್ ಕಾಯ್ದೆಯ 5ನೇ ಕಲಂ ಪ್ರಕಾರ, ಕೇಂದ್ರದ ಕಾಯ್ದೆ ಅಂಕಿತದ ದಿನವೇ ಜಾರಿಗೆ ಬರುತ್ತದೆ.

ಮಸೂದೆ ಹುಡುಕುವಾಗ ಇನ್ನೊಂದು ತೊಡಕು. ಸಂಸತ್ತಿನಲ್ಲಿ ಇದು 118ನೇ ತಿದ್ದುಪಡಿ ಮಸೂದೆಯಾಗಿತ್ತು. ಮಂಡನೆಯಾದ ಪ್ರತಿ ತಿದ್ದುಪಡಿ ಮಸೂದೆಗೂ ಒಂದು ಸಂಖ್ಯೆ ಬೀಳುತ್ತದೆ, ಅವುಗಳಲ್ಲಿ ಎಷ್ಟೋ ಪಾಸಾಗದೆ ಬಿದ್ದುಹೋಗುತ್ತವೆ. ಕಾಯ್ದೆಯಾದವಕ್ಕೆ ಬೇರೆ ಲೆಕ್ಕ. ಲೋಕಸಭೆ 2012ರ ಡಿಸೆಂಬರ್ 18ರಂದು, ರಾಜ್ಯಸಭೆ ಮರುದಿನ ಇದನ್ನು ಅಂಗೀಕರಿಸಿದವು. ಎರಡೂ ಕಡೆ ಒಟ್ಟು ಸದಸ್ಯರ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೇಕಿತ್ತು. ಚರ್ಚೆಯ ದಾಖಲೆ ಬೇಕಿದ್ದರೆ 118 ಎಂದೇ ಹುಡುಕಿ. 'ಉದ್ದೇಶ ಮತ್ತು ಕಾರಣಗಳ ಹೇಳಿಕೆ' ಇರುವುದೂ ಮಸೂದೆಗೆ ಅಂಟಿಕೊಂಡೇ, ಕಾಯ್ದೆಯಲ್ಲಿ ಅದು ಇರುವುದಿಲ್ಲ. ಪದದ ಅರ್ಥ ಗೊಂದಲವಾದಾಗ ನ್ಯಾಯಾಲಯ ಆ ಹೇಳಿಕೆಯನ್ನು ನೋಡುತ್ತದೆ. ಪದ ಸ್ಪಷ್ಟವಿದ್ದರೆ ಅದನ್ನು ಹಿಡಿದು ವಾದಿಸಿ ಪ್ರಯೋಜನವಿಲ್ಲ.

ಭಾರತದ ರಾಜಪತ್ರದಲ್ಲಿ ಭಾಗ 2ರ ವಿಭಾಗ 1 ಕಾಯ್ದೆಗಳಿಗೆ, ವಿಭಾಗ 2 ಮಸೂದೆಗಳಿಗೆ. ಎರಡೂ ನೋಡಲು ಒಂದೇ ತರಹ ಇರುವುದರಿಂದ ಮಸೂದೆಯ ಪಿಡಿಎಫ್ ವಾಟ್ಸ್‌ಆ್ಯಪ್‌ನಲ್ಲಿ 'ಹೊಸ ಕಾನೂನು' ಎಂದು ಓಡಾಡುತ್ತದೆ. ಮೇಲ್ಭಾಗದ ವಿಭಾಗ ಸಂಖ್ಯೆ ನೋಡಿದರೆ ಸಾಕು, ಗೊತ್ತಾಗುತ್ತದೆ. ಈಗ ಜಾರಿಯಲ್ಲಿರುವ ಕೇಂದ್ರ ಕಾಯ್ದೆಗಳ ಪಾಠ ಇಂಡಿಯಾ ಕೋಡ್ ತಾಣದಲ್ಲಿ ಸಿಗುತ್ತದೆ. ಅದು ತಿದ್ದುಪಡಿಗಳನ್ನು ಸೇರಿಸಿಕೊಂಡ ಪಾಠ. ಹಿಂದಿನ ಒಂದು ದಿನ ಏನಿತ್ತು ಎಂದು ತಿಳಿಯಲು ಅಡಿಟಿಪ್ಪಣಿ ಹಿಡಿದು ರಾಜಪತ್ರಕ್ಕೇ ಹೋಗಬೇಕು.

ಹುಡುಕುವಾಗ ಎರಡು ಹೆಸರೂ ಹಾಕಿ. 2019ರಲ್ಲಿ ರಾಜ್ಯ ಸರ್ಕಾರ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿತು, ಆದರೆ ವಿಧಿಯ ಪಾಠದಲ್ಲಿ ಇರುವುದು 'ಹೈದರಾಬಾದ್-ಕರ್ನಾಟಕ ಪ್ರದೇಶ'. 2014ರ ನವೆಂಬರ್ 1ಕ್ಕಿಂತ ಹಿಂದಿನ ಕಡತಗಳಲ್ಲಿ ಕಲಬುರಗಿ ಬದಲು ಗುಲ್ಬರ್ಗಾ ಎಂದಿರುತ್ತದೆ.

ಸುತ್ತೋಲೆಗಳೇ ನಿಜವಾದ ತಲೆನೋವು. ಒಂದೇ ವಿಷಯಕ್ಕೆ ಹಳೆಯದು, ಪರಿಷ್ಕೃತ, ಸ್ಪಷ್ಟೀಕರಣ ಎಂದು ಸಾಲುಗಟ್ಟುತ್ತವೆ. ಕೊನೆಯ ಸುತ್ತೋಲೆಯ 'ಓದಲಾಗಿದೆ' ಭಾಗದಿಂದ ಹಿಂದಕ್ಕೆ ಹೋಗಿ. ಅಲ್ಲಿ ಹಿಂದಿನವುಗಳ ಸಂಖ್ಯೆ, ದಿನಾಂಕ ಇರುತ್ತದೆ. ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು. 'ಎಲ್ಲ ಸುತ್ತೋಲೆಗಳನ್ನೂ ಕೊಡಿ' ಎಂದು ಬರೆಯಬೇಡಿ, ಸಂಖ್ಯೆ ಹಾಕಿ ಕೇಳಿ.

ಯಾವ ಪಾಠ ಅನ್ವಯ ಎಂಬುದು ನಿಮ್ಮ ನೇಮಕಾತಿ ಅಧಿಸೂಚನೆಯ ದಿನಾಂಕಕ್ಕೆ ಕಟ್ಟುಬಿದ್ದಿದೆ. ಪ್ರಕ್ರಿಯೆ ಅರ್ಜಿ ಕರೆದ ಜಾಹೀರಾತಿನಿಂದಲೇ ಶುರುವಾಗುತ್ತದೆ, ಇರುವ ನಿಯಮ ಅಥವಾ ಜಾಹೀರಾತು ಅವಕಾಶ ಕೊಡದಿದ್ದರೆ ಅರ್ಹತೆಯ ಮಾನದಂಡವನ್ನು ನಡುವೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರ ಪೀಠ 2024ರ ನವೆಂಬರ್ 7ರಂದು ಹೇಳಿದೆ. ಇದೇ ಪ್ರಶ್ನೆಯ ಮೇಲೆ ಇಬ್ಬರು, ಮೂವರ ಪೀಠಗಳ ಹಳೆಯ ತೀರ್ಪು ಇದಕ್ಕೆ ವಿರುದ್ಧವಾಗಿ ಸಿಕ್ಕರೆ ಅದನ್ನು ಪಕ್ಕಕ್ಕಿಡಿ. ತೀರ್ಪು ಓದುವಾಗ ಪೀಠದ ಗಾತ್ರ, ಆ ಪ್ರಕರಣದ ಸಂಗತಿಗಳು, ಮೇಲ್ಮನವಿಯ ಗತಿ, ಮೂರನ್ನೂ ಗುರುತು ಹಾಕಿಕೊಳ್ಳಿ. ರಾಜ್ಯ ಸಿವಿಲ್ ಸೇವೆಯ ನೇಮಕಾತಿ ತಕರಾರು ಮೊದಲು ಹೋಗುವುದು ಆಡಳಿತ ನ್ಯಾಯಮಂಡಳಿಗೆ, ಹಾಗಾಗಿ ಅದರ ಆದೇಶಗಳನ್ನೂ ಹುಡುಕಬೇಕು. 2013ರ ಆಗಸ್ಟ್ 31ರಿಂದ ಕಾಯಂ ಆಗಿರುವ ಹೈಕೋರ್ಟಿನ ಕಲಬುರಗಿ ಪೀಠದ ಇತ್ತೀಚಿನ ತೀರ್ಪುಗಳ ಮೇಲೆ 'ಕೆಎಚ್‌ಸಿ-ಕೆ' ಎಂಬ ಗುರುತು ಇರುತ್ತದೆ. 'ಕೆಎಚ್‌ಸಿ-ಡಿ' ಇದ್ದರೆ ಧಾರವಾಡದ್ದು.

ಜಮೀನಿನ ಕಾಗದಕ್ಕೂ ಇದೇ ಕ್ರಮ, ದಿನಾಂಕಗಳು ಮಾತ್ರ ಇನ್ನೂ ಹಿಂದಕ್ಕೆ ಹೋಗುತ್ತವೆ. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗಾ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದರೂ, ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಂ ಅಲ್ಲಿನ ಹಳೆಯ ಕಾನೂನುಗಳನ್ನು ಹಾಗೆಯೇ ಉಳಿಸಿತು. 1961 ಎಂಬ ಹೆಸರಿನ ಭೂ ಸುಧಾರಣಾ ಕಾಯ್ದೆ ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ನಡುವಿನ ವರ್ಷಗಳ ಗೇಣಿ ತಕರಾರಿಗೆ ತೆರೆಯಬೇಕಾದ ಪುಸ್ತಕ 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆ.