ಕ್ಯೋಟೋ ಕಲ್ಲು, ಕ್ಷೌರದ ಕತ್ತಿ: ರಾಡಿಯ ಹದ ನೋಡಿ ಮಸೆಯುವುದು ಹೇಗೆ?

ಕಾರ್ಖಾನೆಯಲ್ಲಿ ತಯಾರಾದ ಸಾಣೆಕಲ್ಲಿನ ಮೇಲೆ 1000, 5000, 8000 ಎಂದು ನಂಬರು ಅಚ್ಚೊತ್ತಿರುತ್ತದೆ; ನಂಬರು ಹೆಚ್ಚಿದಷ್ಟೂ ಕಲ್ಲಿನ ಕಣ ನುಣ್ಣಗೆ. ಜಪಾನಿನ ಕ್ಯೋಟೋ ಸುತ್ತಲಿನ ಬೆಟ್ಟಗಳಿಂದ ತೆಗೆದ ನೈಸರ್ಗಿಕ ಕಲ್ಲಿಗೆ ಅಂಥ ನಂಬರು ಇಲ್ಲ. ಒಂದೇ ಕಲ್ಲು, ನೀರು ಹಾಕಿ ತೇಯ್ದಾಗ ಮೇಲೆ ಏಳುವ ರಾಡಿ ಮಂದವಾಗಿದ್ದರೆ ಉಕ್ಕನ್ನು ಬೇಗ ತಿನ್ನುತ್ತದೆ, ತಿಳಿಯಾದರೆ ನಯ ಕೊಡುತ್ತದೆ. ಗಂಧ ತೇಯ್ದು ಗೊತ್ತಿರುವ ಕೈಗೆ ಇದು ಬೇಗ ಹತ್ತುತ್ತದೆ. ನೀರು ಎಷ್ಟು, ತೇಯ್ದದ್ದು ಎಷ್ಟು ಎಂಬುದರ ಮೇಲೇ ಇಲ್ಲಿಯೂ ಎಲ್ಲ ನಿಂತಿದೆ.

ನಮ್ಮ ಸಲೂನುಗಳಲ್ಲಿ ಈಗ ಕಾಣುವ, ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಗೆ ಇದಾವುದೂ ಬೇಕಿಲ್ಲ. ಇಲ್ಲಿ ಹೇಳುತ್ತಿರುವುದು ಅಲಗೇ ಉಕ್ಕಿನದಾಗಿರುವ, ಹಿಡಿಯೊಳಗೆ ಮಡಚುವ ಹಳೆಯ ಮಾದರಿಯ ಕತ್ತಿಯ ಮಾತು.

ಕಲ್ಲು ಯಾವುದು?

ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ನುಣ್ಣನೆಯ ಸಿಲಿಕಾ ಮತ್ತು ಜೇಡಿಯೇ ಈ ಕಲ್ಲು. ಕೊನೆಯ ಹಂತಕ್ಕೆ ಬಳಸುವಂಥದ್ದನ್ನು ಜಪಾನಿಯರು ‘ಅವಸೆದೊ’ ಎನ್ನುತ್ತಾರೆ. ನಕಯಾಮ, ಓಜುಕು, ಷಿಂಡೆನ್ ಇವು ಹೆಸರಾದ ಗಣಿಗಳು. ಬಹುಪಾಲು ಗಣಿಗಳು ಮುಚ್ಚಿರುವುದರಿಂದ ಬೆಲೆ ಏರಿದೆ, ಗಣಿಯ ಹೆಸರಿನ ನಕಲಿ ಮುದ್ರೆ ಒತ್ತಿದ ಕಲ್ಲುಗಳೂ ಬಂದಿವೆ. ಹಾಗಾಗಿ ಮುದ್ರೆಗೆ ದುಡ್ಡು ಸುರಿಯುವುದಕ್ಕಿಂತ ಕಲ್ಲಿನ ಗುಣ ನೋಡುವುದು ಜಾಣತನ. ಮಾರುವವರು ಗಡಸುತನವನ್ನು 1ರಿಂದ 5ರವರೆಗೆ ಹೇಳುತ್ತಾರೆ. ಕ್ಷೌರದ ಕತ್ತಿಗೆ 5 ಅಥವಾ ಅದರ ಹತ್ತಿರದ್ದೇ ಬೇಕು. ಮೆತ್ತನೆಯ ಕಲ್ಲು ಅಡುಗೆಮನೆಯ ಚಾಕುವಿಗೆ ಸರಿ, ಇಲ್ಲಿ ತಾನೇ ರಾಡಿ ಬಿಟ್ಟು ಅಂಚನ್ನು ಮೊಂಡು ಮಾಡುತ್ತದೆ. ಉಗುರಿನಿಂದ ಸವರಿದಾಗ ತಡೆಯುವ ಗೆರೆ ಇದ್ದರೆ ಆ ಕಲ್ಲು ಬೇಡ. ಬಣ್ಣದ ಗೆರೆ ಇದ್ದು ಉಗುರಿಗೆ ತಾಗದಿದ್ದರೆ ಚಿಂತೆಯಿಲ್ಲ.

ಕಲ್ಲಿನ ಸಿದ್ಧತೆ

ಪೆನ್ಸಿಲಿನಲ್ಲಿ ಚೌಕುಳಿ ಗೆರೆ ಎಳೆದು, ನೀರು ಹಾಕಿ, 400ರ ವಜ್ರದ ಪ್ಲೇಟಿನಿಂದ ಉಜ್ಜಿ. ಗೆರೆಗಳೆಲ್ಲ ಅಳಿದರೆ ಮೇಲ್ಮೈ ಸಮವಾಗಿದೆ ಎಂದರ್ಥ. ಅದೇ ಪ್ಲೇಟಿನಿಂದ ನಾಲ್ಕೂ ಅಂಚುಗಳ ಚೂಪನ್ನು ತುಸು ತೆಗೆದುಬಿಡಿ. ಇಲ್ಲವಾದರೆ ಮಸೆಯುವಾಗ ಆ ಚೂಪಿನಿಂದ ಉದುರಿದ ಹರಳು ಅಲಗಿನಡಿ ಸಿಕ್ಕಿ ಗೀರು ಬೀಳುತ್ತದೆ. ಪ್ಲೇಟು ಹೊಸದಾಗಿದ್ದರೆ ಮೊದಲು ಬೇರೆ ಯಾವುದಾದರೂ ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿ ತೊಳೆಯಿರಿ. ಸಡಿಲವಾಗಿರುವ ವಜ್ರದ ಕಣ ಉದುರುವುದು ಮೊದಲ ಬಳಕೆಯಲ್ಲೇ.

ಪದರದ ಕಲ್ಲಾದ್ದರಿಂದ ಬದಿಯಿಂದ ನೀರು ಕುಡಿದು ಸೀಳಬಹುದು. ನಾಲ್ಕು ಬದಿಗಳಿಗೆ ಅರಗಿನ ಬಣ್ಣವನ್ನೋ ವಾರ್ನಿಶ್ಶನ್ನೋ ಎರಡು ಮೂರು ಸಲ ಬಳಿದು ಒಣಗಿಸಿ. ಕೃತಕ ಕಲ್ಲಿನ ಹಾಗೆ ಇದನ್ನು ಬಕೆಟ್ಟಿನಲ್ಲಿ ನೆನೆಹಾಕಲೇಬೇಡಿ. ಮೇಲೆ ಚಿಮುಕಿಸಿದಷ್ಟು ನೀರೇ ಸಾಕು.

ಬೆವೆಲ್ ಮೊದಲು

ಹೆಚ್ಚಿನವರು ಎಡವುವುದು ಇಲ್ಲೇ. ಬೆವೆಲ್ ಎಂದರೆ ಅಲಗಿನ ಎರಡೂ ಮುಖದ ಕಿರು ಇಳಿಜಾರು. ಇವೆರಡೂ ಬುಡದಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ ಕೂಡದಿದ್ದರೆ ಎಂಥ ಕ್ಯೋಟೋ ಕಲ್ಲೂ ಉಪಯೋಗಕ್ಕೆ ಬಾರದು. ಈ ಕೆಲಸವನ್ನು 1000ದ ಕೃತಕ ಕಲ್ಲಿನ ಮೇಲೆ ಮುಗಿಸಿ. ಕತ್ತಿಯ ಬೆನ್ನು ಮತ್ತು ಅಂಚು ಎರಡೂ ಸದಾ ಕಲ್ಲಿಗೆ ಅಂಟಿರಬೇಕು; ಕೋನವನ್ನು ನಿರ್ಧರಿಸುವುದು ಬೆನ್ನಿನ ದಪ್ಪವೇ. ಬೆನ್ನು ಸವೆಯಬಾರದೆಂದರೆ ಅದರ ಮೇಲೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಚ್ಚಿ. ಆದರೆ ಹಚ್ಚಿ ಶುರುಮಾಡಿದರೆ ಕೊನೆಯವರೆಗೂ ಹಚ್ಚಿಯೇ ಇರಬೇಕು, ಮಧ್ಯೆ ತೆಗೆದರೆ ಕೋನ ಬದಲಾಗುತ್ತದೆ.

ಬೆವೆಲ್ ಮೇಲೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ನಾಲ್ಕು ಸಲ ಎಳೆದು ನೋಡಿ. ಶಾಯಿ ಉಳಿದ ಕಡೆ ಕಲ್ಲು ತಾಗಿಲ್ಲ. ಅಲಗಿನ ಉದ್ದಕ್ಕೂ ಮುಂಗೈ ಕೂದಲು ಸಲೀಸಾಗಿ ಬೋಳಿಸುವವರೆಗೆ ಮುಂದಿನ ಕಲ್ಲಿಗೆ ಹೋಗಬೇಡಿ.

ರಾಡಿ ಎಬ್ಬಿಸುವುದು

ಈಗ ಕ್ಯೋಟೋ ಕಲ್ಲು. ಅದರ ಮೇಲೆ ಉಜ್ಜುವ ಪುಟ್ಟ ಕಲ್ಲಿಗೆ ‘ನಗುರಾ’ ಎಂದು ಹೆಸರು. ಐಚಿ ಪ್ರಾಂತ್ಯದ ಮಿಕಾವ ಕಡೆಯ ಬಿಳಿ ನಗುರಾಗಳಲ್ಲಿ ಒರಟಿನಿಂದ ನಯದತ್ತ ಬೊತಾನ್, ತೆಂಜೋ, ಮೆಜಿರೊ, ಕೋಮಾ ಎಂಬ ಕ್ರಮವಿದೆ. ನಾಲ್ಕನ್ನೂ ಕೊಳ್ಳಬೇಕೆಂದಿಲ್ಲ. 1000ದ ನಂತರ 5000ದ ಕೃತಕ ಕಲ್ಲು ಬಳಸಿದ್ದರೆ ಮೆಜಿರೊ ಒಂದರಿಂದಲೇ ಶುರುಮಾಡಬಹುದು.

ಏಳೆಂಟು ಹನಿ ನೀರು ಹಾಕಿ, ಮೆಜಿರೊವನ್ನು ಹಗುರವಾಗಿ ಸುತ್ತಿಸುತ್ತ ಹಾಲಿನಂಥ ರಾಡಿ ಬರಿಸಿ. ಕತ್ತಿಯ ಅಂಚು ಮುಂದಾಗಿ, ಬುಡದಿಂದ ತುದಿಗೆ ಓರೆಯಾಗಿ ಜಾರುವಂತೆ ಎಳೆಯಿರಿ. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಿ. ಮೊದಲ ಇಪ್ಪತ್ತು ಸಲ ಬೆರಳ ತೂಕ, ಆಮೇಲೆ ಕತ್ತಿಯ ತೂಕ ಮಾತ್ರ. ಒಟ್ಟು ನಲವತ್ತು ಐವತ್ತು ಸಲ. ಇಷ್ಟರಲ್ಲಿ ರಾಡಿ ಉಕ್ಕಿನ ಪುಡಿ ಸೇರಿ ಬೂದು ಬಣ್ಣಕ್ಕೆ ತಿರುಗುತ್ತದೆ, ಕಣಗಳೂ ಅರೆದು ನುಣ್ಣಗಾಗುತ್ತವೆ. ಹನಿ ಹನಿಯಾಗಿ ನೀರು ಸೇರಿಸುತ್ತ ಹಾಲನ್ನು ನೀರುಮಜ್ಜಿಗೆಯಾಗಿಸಿ, ಮಜ್ಜಿಗೆಯನ್ನು ತಿಳಿಯಾಗಿಸಿ. ಮಂದ ರಾಡಿಯಲ್ಲೇ ನಿಲ್ಲಿಸಿದರೆ ಎದುರಿನಿಂದ ಬಡಿಯುವ ಕಣಗಳು ಅಂಚಿನ ತುತ್ತತುದಿಯನ್ನು ಗುಂಡಗೆ ಮಾಡಿರುತ್ತವೆ. ಎಷ್ಟು ಮಸೆದರೂ ಹರಿತ ಒಂದು ಮಟ್ಟದಿಂದ ಮೇಲೇರುತ್ತಿಲ್ಲ ಎಂದು ಗೊಣಗುವವರ ತೊಂದರೆ ಬಹುಮಟ್ಟಿಗೆ ಇದೇ.

ಕಲ್ಲು, ಕತ್ತಿ, ಕೈ ಎಲ್ಲ ತೊಳೆದು ಕೊನೆಯ ಸುತ್ತಿಗೆ ‘ತೋಮೊ ನಗುರಾ’ ಹಿಡಿಯಿರಿ. ಇದು ಮಿಕಾವದ್ದಲ್ಲ, ತಳದ ಕಲ್ಲಿನ ಜಾತಿಯದೇ ತುಂಡು. ತಳದ ಕಲ್ಲಿಗಿಂತ ತುಸು ಮೆತ್ತಗಿದ್ದರೆ ಒಳ್ಳೆಯದು, ಒರಟಾಗಿ ಮಾತ್ರ ಇರಕೂಡದು. ರಾಡಿ ಎಷ್ಟು ನಯವೋ ಅಂಚೂ ಅಷ್ಟೇ ನಯ. ಹೋದ ಸಲಕ್ಕಿಂತ ತೆಳುವಾಗಿ ಎಬ್ಬಿಸಿ, ಮತ್ತೆ ನಲವತ್ತು ಸಲ ಎಳೆದು, ಬರೀ ನೀರಿನಲ್ಲಿ ಹತ್ತಿಪ್ಪತ್ತು ಸಲ ಎಳೆದು ಮುಗಿಸಿ. ಕೊನೆಗೆ ಕತ್ತಿ ಕಲ್ಲಿಗೆ ಹೀರಿಕೊಂಡಂತೆ ಹಿಡಿಯತೊಡಗುತ್ತದೆ. ಹಿಡಿತ ಹದವಾಗಿದ್ದರೆ ಶುಭಸೂಚನೆ. ಗೋಂದಿನ ಹಾಗೆ ಎಳೆದರೆ ನೀರು ಒಣಗಿದೆ, ಇನ್ನೆರಡು ಹನಿ ಬೇಕು.

ಟೇಪ್ ಕಿತ್ತು, ಕತ್ತಿ ಒರೆಸಿ, ಬೆನ್ನು ಮುಂದಾಗಿ ಬಟ್ಟೆಯ ಪಟ್ಟಿಯ ಮೇಲೆ ಮೂವತ್ತು, ಚರ್ಮದ ಪಟ್ಟಿಯ ಮೇಲೆ ಅರವತ್ತು ಸಲ ಎಳೆಯಿರಿ. ಪಟ್ಟಿ ಜೋಲುಬಿದ್ದರೆ ಅಂಚು ಮತ್ತೆ ಗುಂಡಗಾಗುತ್ತದೆ.

ಮುಖವೇ ಪರೀಕ್ಷೆ

ತಲೆಗೂದಲನ್ನು ಗಾಳಿಯಲ್ಲಿ ಹಿಡಿದು ಕತ್ತರಿಸಿ ತೋರಿಸುವುದು ನೋಡಲು ಚೆಂದ, ಆದರೆ ಕೂದಲಿನಿಂದ ಕೂದಲಿಗೆ ಫಲಿತಾಂಶ ಬೇರೆ. ಕೆನ್ನೆಯ ಮಾತನ್ನೇ ನಂಬಿ. ಕೂದಲು ಜಗ್ಗಿದರೆ ಬೆವೆಲ್ ಪೂರ್ತಿ ಕೂಡಿಲ್ಲ, 1000ಕ್ಕೆ ವಾಪಸ್ ಹೋಗಿ. ಕತ್ತರಿಸುತ್ತದೆ ಆದರೆ ಚರ್ಮ ಉರಿಯುತ್ತದೆ ಎಂದಾದರೆ ತೋಮೊ ನಗುರಾದ ತಿಳಿ ರಾಡಿಯಲ್ಲಿ ಇನ್ನೊಂದು ಸುತ್ತು ಹಾಕಿ. ನಯವಾಗಿದೆ, ಆದರೆ ಗಲ್ಲದ ಗಡುಸು ಕೂದಲ ಮೇಲೆ ಜಾರಿಹೋಗುತ್ತಿದ್ದರೆ ಮೆಜಿರೊ ಹಂತ ಸಾಲಲಿಲ್ಲ. ಒಂದೇ ಜಾಗದಲ್ಲಿ ಪದೇಪದೇ ಗೀರು ಬಿದ್ದರೆ ಕಲ್ಲಿನೊಳಗೆ ಗಟ್ಟಿ ಹರಳು ಇರಬಹುದು. ಭೂತಗನ್ನಡಿಯಲ್ಲಿ ಹುಡುಕಿ, ಉಕ್ಕಿನ ಮೊನೆಯಿಂದ ಅಷ್ಟನ್ನೇ ಕೆದಕಿ ತೆಗೆದು ಮೇಲ್ಮೈಯನ್ನು ಮತ್ತೆ ಸಮಮಾಡಿ.

ಕೆಲವು ಕಲ್ಲುಗಳ ರಾಡಿ ಮಾಮೂಲಿ ಉಕ್ಕಿಗೆ ಬೇಗ ತುಕ್ಕು ಹಿಡಿಸುತ್ತದೆ. ಮುಗಿದ ಕೂಡಲೇ ಅಲಗನ್ನು ಒರೆಸಿ ಎಣ್ಣೆಯ ಕೈ ಸವರಿ. ಕಲ್ಲನ್ನು ನೆರಳಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಪದರ ಬಿಡುತ್ತದೆ.