ತಾನಾಗಿ ಏಳುವ, ಎಬ್ಬಿಸಿದರೂ ಏಳದ ಕಂಪ್ಯೂಟರ್: ಕಾರಣ ಹುಡುಕುವ ಕ್ರಮ

ಮನೆಯ ಕಂಪ್ಯೂಟರಿನ ಸ್ಲೀಪ್ ತೊಂದರೆಗಳು ಸಾಮಾನ್ಯವಾಗಿ ಮೂರು ಬಗೆಯವು: ನಿಗದಿಪಡಿಸಿದ ಹೊತ್ತು ಕಳೆದರೂ ಸ್ಲೀಪ್‌ಗೆ ಹೋಗದಿರುವುದು, ಯಾರೂ ಮುಟ್ಟದಿದ್ದರೂ ಎಚ್ಚರವಾಗುವುದು, ಎಬ್ಬಿಸಿದಾಗ ಪರದೆ ಕಪ್ಪಾಗಿಯೇ ಉಳಿಯುವುದು. ಮೂರಕ್ಕೂ ಕಾರಣಗಳು ಬೇರೆ ಬೇರೆಯಾದ್ದರಿಂದ, ಕಂಡ ಸೆಟ್ಟಿಂಗ್‌ಗಳನ್ನೆಲ್ಲ ಬದಲಿಸಿ ನೋಡುವುದಾಗಲಿ, ವಿಂಡೋಸ್ ಅನ್ನೇ ಹೊಸದಾಗಿ ಹಾಕುವುದಾಗಲಿ ಸರಿಯಾದ ದಾರಿಯಲ್ಲ. ತನ್ನನ್ನು ಯಾವುದು ಎಬ್ಬಿಸಿತು, ಯಾವುದು ಮಲಗಗೊಡುತ್ತಿಲ್ಲ ಎಂಬುದನ್ನು ವಿಂಡೋಸ್ 10 ಮತ್ತು 11 ಬಹುಮಟ್ಟಿಗೆ ತಾವೇ ದಾಖಲಿಸಿಟ್ಟಿರುತ್ತವೆ. ಮೊದಲು ಆ ದಾಖಲೆಯನ್ನು ಓದಬೇಕು.

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ, ಅಡ್ಮಿನ್ ಎಂದು ಗುರುತಿಸಿರುವ ಟರ್ಮಿನಲ್ ಅಥವಾ ಪವರ್‌ಶೆಲ್ ಎಂಬ, ಆದೇಶ ಟೈಪ್ ಮಾಡುವ ಕಿಟಕಿಯನ್ನು ತೆರೆಯಿರಿ. ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಎಂಬ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ, ಸ್ವಲ್ಪ ಜಾಗ ಬಿಟ್ಟು, ಒಂದು ಸ್ಲ್ಯಾಶ್ ಹಾಕಿ, ಅದಕ್ಕೆ ತಾಗಿಸಿ ಲಾಸ್ಟ್‌ವೇಕ್ ಎಂದು ಒಂದೇ ಪದವಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ (powercfg /lastwake) ಕೊನೆಯ ಬಾರಿ ಎಬ್ಬಿಸಿದ ಸಾಧನದ ಹೆಸರು ಕಾಣುತ್ತದೆ. ಲಾಸ್ಟ್‌ವೇಕ್ ಬದಲು ವೇಕ್‌ಟೈಮರ್ಸ್ ಎಂದು ಕೊಟ್ಟರೆ ಮುಂದೆ ಎಬ್ಬಿಸಲು ಕಾದಿರುವ ಕಾರ್ಯಗಳು, ರಿಕ್ವೆಸ್ಟ್ಸ್ ಎಂದು ಕೊಟ್ಟರೆ ಸದ್ಯ ಸ್ಲೀಪ್ ಅನ್ನು ತಡೆಹಿಡಿದಿರುವ ಪ್ರೋಗ್ರಾಮ್‌ಗಳು ತಿಳಿಯುತ್ತವೆ. ಹಳೆಯ ಘಟನೆಗಳು ಬೇಕಿದ್ದರೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಪವರ್-ಟ್ರಬಲ್‌ಶೂಟರ್ ಮೂಲದ, 1 ಸಂಖ್ಯೆಯ ನಮೂದುಗಳನ್ನು ನೋಡಬಹುದು. ಅದರ ಒಳಗಿನ ಬರಹದಲ್ಲಿ ಮಲಗಿದ ಮತ್ತು ಎದ್ದ ಸಮಯಗಳು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದ ಲೆಕ್ಕದಲ್ಲಿರುತ್ತವೆ. ಭಾರತದ ಸಮಯ ತಿಳಿಯಲು 5 ಗಂಟೆ 30 ನಿಮಿಷ ಕೂಡಿಸಬೇಕು. ಇದನ್ನು ಗಮನಿಸದವರು ರಾತ್ರಿಯ ಘಟನೆಯನ್ನು ಸಂಜೆಯದೆಂದು ತಿಳಿದು ತಪ್ಪು ಕಾರಣದ ಬೆನ್ನು ಹತ್ತುವ ಸಾಧ್ಯತೆಯಿದೆ.

ಎಬ್ಬಿಸಿದ್ದು ನೆಟ್‌ವರ್ಕ್ ಅಡಾಪ್ಟರ್ ಅಥವಾ ಮೌಸ್ ಎಂದು ಗೊತ್ತಾದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಕಂಪ್ಯೂಟರನ್ನು ಎಬ್ಬಿಸಲು ಅನುಮತಿಸುವ ಗುರುತನ್ನು ತೆಗೆಯಿರಿ. ಮೇಜು ತುಸು ಅಲುಗಿದರೂ ಮೌಸ್ ಎಬ್ಬಿಸಬಲ್ಲುದಾದ್ದರಿಂದ ಅದರ ಅನುಮತಿಯನ್ನು ತೆಗೆದು, ಕೀಬೋರ್ಡಿನದನ್ನು ಹಾಗೆಯೇ ಉಳಿಸುವುದು ಒಳ್ಳೆಯದು. ಕಾರಣ ಟೈಮರ್ ಆಗಿದ್ದರೆ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್‌ಗಳನ್ನು ತೆರೆದು ಸ್ಲೀಪ್ ವಿಭಾಗದಲ್ಲಿ ವೇಕ್ ಟೈಮರ್‌ಗಳನ್ನು ನಿಲ್ಲಿಸಬಹುದು.

ಸ್ಲೀಪ್‌ಗೆ ಹೋಗದ ಕಂಪ್ಯೂಟರಿನಲ್ಲಿ ರಿಕ್ವೆಸ್ಟ್ಸ್ ಪಟ್ಟಿ ತೋರಿಸುವುದು ಹೆಚ್ಚಾಗಿ ವಿಡಿಯೊ ಅಥವಾ ಹಾಡು ನಡೆಯುತ್ತಿರುವ ಬ್ರೌಸರ್ ಪುಟವನ್ನೋ ಧ್ವನಿ ಸಾಧನವನ್ನು ನಡೆಸುವ ತಂತ್ರಾಂಶವಾದ ಆಡಿಯೊ ಡ್ರೈವರನ್ನೋ. ಆ ಪುಟವನ್ನು ಮುಚ್ಚಿ, ಪಟ್ಟಿಯನ್ನು ಮತ್ತೊಮ್ಮೆ ನೋಡಿ.

ಏಳದಿರುವ ಕಂಪ್ಯೂಟರಿನ ವಿಷಯದಲ್ಲಿ ಹೆಚ್ಚು ತಾಳ್ಮೆ ಬೇಕು. ಮೊದಲು ಕೀಬೋರ್ಡಿನ ನಮ್ ಲಾಕ್ ಕೀಲಿಯನ್ನು ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎದ್ದಿದೆ, ದೃಶ್ಯ ಮಾತ್ರ ಬರುತ್ತಿಲ್ಲ ಎಂದರ್ಥ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರಳಿ ಚಾಲನೆಗೊಳ್ಳುತ್ತದೆ. ಪರದೆ ಬಂದರೆ ಆ ಡ್ರೈವರನ್ನು ಹೊಸದಕ್ಕೆ ಬದಲಿಸಿ, ಅಥವಾ ತೊಂದರೆ ಹೊಸ ಡ್ರೈವರಿನಿಂದಲೇ ಶುರುವಾಗಿದ್ದರೆ ಹಿಂದಿನದಕ್ಕೆ ಮರಳಿ. ದೀಪವೂ ಅಲುಗದಿದ್ದರೆ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದು ಆರಿಸುವುದೊಂದೇ ಉಪಾಯ, ಉಳಿಸದ ಕೆಲಸ ಹೋಗುತ್ತದೆ. ಇದು ಮರುಕಳಿಸುತ್ತಿದ್ದರೆ ತಯಾರಕರ ತಾಣದಿಂದ ಮದರ್‌ಬೋರ್ಡಿನ ಚಿಪ್‌ಸೆಟ್ ಡ್ರೈವರ್ ಹಾಕಿ, ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್‌ನ ವೇಗ ಹೆಚ್ಚಿಸಿದ್ದರೆ ಮೂಲ ವೇಗಕ್ಕೆ ತಂದು ಪರೀಕ್ಷಿಸಿ, ಆಮೇಲಷ್ಟೇ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನ ಅಪ್‌ಡೇಟ್ ಬಗ್ಗೆ ಯೋಚನೆ ಮಾಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಬಯೋಸ್ ಅಪ್‌ಡೇಟ್‌ಗೆ ಕೈ ಹಾಕಬೇಡಿ; ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಕೆಲಸಕ್ಕೆ ಬಾರದಂತಾಗಬಹುದು.

ಕರೆಂಟ್ ಪದೇ ಪದೇ ಹೋಗುವ ನಮ್ಮ ಊರುಗಳಲ್ಲಿ ಇನ್ನೊಂದು ಸಂಗತಿಯೂ ಮುಖ್ಯ. ಸ್ಲೀಪ್‌ನಲ್ಲಿರುವಾಗ ತೆರೆದ ಕೆಲಸವೆಲ್ಲ ರ‍್ಯಾಮ್‌ನಲ್ಲಿದ್ದು, ಅದಕ್ಕೆ ವಿದ್ಯುತ್ ಬರುತ್ತಿರಲೇಬೇಕು. ಬೆಳಿಗ್ಗೆ ಕಂಪ್ಯೂಟರ್ ಹೊಸದಾಗಿ ಆರಂಭವಾದರೆ ಅದು ಏಳುವಲ್ಲಿನ ದೋಷವೆಂದು ಭಾವಿಸುವ ಮುನ್ನ, ರಾತ್ರಿ ಕರೆಂಟ್ ಹೋಗಿತ್ತೇ ಎಂದು ವಿಚಾರಿಸಿ. ಡೆಸ್ಕ್‌ಟಾಪ್‌ನ ಸ್ಲೀಪ್ ವಿಭಾಗದಲ್ಲಿ ಹೈಬ್ರಿಡ್ ಸ್ಲೀಪ್ ಆಯ್ಕೆ ಇದ್ದರೆ ಅದನ್ನು ಖಂಡಿತ ಚಾಲೂ ಇಡಿ. ಆಗ ರ‍್ಯಾಮ್‌ನ ಮಾಹಿತಿಯ ನಕಲು ಡಿಸ್ಕಿನಲ್ಲೂ ಉಳಿಯುವುದರಿಂದ ಕರೆಂಟ್ ಹೋದರೂ ಕೆಲಸ ಮರಳಿ ಸಿಗುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವು ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ವಿಧಾನವನ್ನು ಬಳಸುತ್ತವೆ. ಇದರಲ್ಲಿ ಯಂತ್ರ ಪೂರ್ತಿ ಮಲಗದೆ ಹಿನ್ನೆಲೆಯಲ್ಲಿ ಆಗಾಗ ಕೆಲಸ ಮಾಡುವುದರಿಂದ, ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಬಿಸಿಯಾಗಿ ಬ್ಯಾಟರಿ ಕರಗಬಹುದು. ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಹಿಂದಿನ ಆದೇಶದಲ್ಲಿ ಸ್ಲ್ಯಾಶ್ ಬಳಿಕ ಎ ಎಂಬ ಒಂದೇ ಅಕ್ಷರ ಕೊಟ್ಟರೆ ನಿಮ್ಮ ಯಂತ್ರ ಯಾವ ವಿಧಾನದ್ದೆಂದು ತಿಳಿಯುತ್ತದೆ. ಲಭ್ಯವಿರುವ ವಿಧಾನಗಳ ಪಟ್ಟಿಯಲ್ಲಿ ಎಸ್0 ಎಂದು ಬಂದರೆ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ, ಅಂದರೆ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಪೂರ್ತಿ ಆರುವಂತೆ ಹೊಂದಿಸಿಕೊಳ್ಳಿ. ಏಳಲು ಕೆಲವು ಸೆಕೆಂಡು ಹೆಚ್ಚು ಹಿಡಿದರೂ ಪ್ರಯಾಣದ ವೇಳೆ ಅದೇ ಕ್ಷೇಮ.